ಕನಜಾವಾದ ಮನೆಯಲ್ಲಿ ಕಲಿತ ಜಪಾನಿ, ನಮ್ಮ ಮನೆಗಳಲ್ಲಿ ಕಲಿಸಬೇಕಾದ ಕನ್ನಡ

ಧಾರವಾಡದ ನಮ್ಮ ಮನೆಯಲ್ಲಿ ಹೊರಗೆ ಹೊರಟವರು ಬರಿಯ 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರ್ತೇನಿ' ಎನ್ನುತ್ತಾರೆ, ಒಳಗಿನಿಂದ 'ಹೋಗಿ ಬಾ' ಎಂಬ ಮಾತು ಕೇಳಿದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ಜಪಾನಿನ ಪಶ್ಚಿಮ ಕಡಲಂಚಿನ ಕನಜಾವಾ ನಗರದಲ್ಲಿ ಒಂದು ಕುಟುಂಬದ ಜೊತೆಗಿದ್ದು ಭಾಷೆ ಕಲಿಯಲು ನಾನು ಬಂದಿಳಿದ ಮರುದಿನ ಬೆಳಿಗ್ಗೆ, ಆ ಮನೆಯ ಮಗಳು ಶಾಲೆಗೆ ಹೊರಡುತ್ತ ಬಾಗಿಲ ಬಳಿ ಬೂಟು ಹಾಕಿಕೊಂಡು 'ಇತ್ತೆ ಕಿಮಾಸು' ಎಂದಳು. ಅಡುಗೆಮನೆಯಿಂದ ತಾಯಿ 'ಇತ್ತೆರಾಶ್ಶಾಯ್' ಎಂದರು. 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ. ಅಲ್ಲಿಯವರೆಗೆ ಇಂಗ್ಲಿಷ್ ಪಠ್ಯಪುಸ್ತಕದ ವಿವರಣೆಯಿಂದ ತಿಳಿಯಲು ಹೆಣಗಿದ್ದ ಈ ಮಾತು ನಮ್ಮ ಅವ್ವನ ಬಾಯಿಂದ ದಿನವೂ ಕೇಳಿದ ಮಾತೇ ಆಗಿತ್ತು.

ನಮ್ಮ ಹುಡುಗರು ಜಪಾನಿಯನ್ನು ಇಂಗ್ಲಿಷಿನ ಬೆನ್ನೇರಿಯೇ ಕಲಿಯುತ್ತಾರೆ ಎಂಬುದು ನನಗೆ ಬಹಳ ಖೇದದ ಸಂಗತಿ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿಯ ಗುರುತು ನಾಮಪದದ ನಂತರ ಬರುವುದು, 'ಎಂದು ಹೇಳಿದ' ಎನ್ನುವಾಗಿನ 'ಎಂದು' ಇರುವಲ್ಲೇ ಅವರ 'ತೊ' ಇರುವುದು, ಇವೆಲ್ಲ ಕನ್ನಡಿಗನಿಗೆ ಹೊಸ ಪಾಠಗಳೇ ಅಲ್ಲ. 'ತಾಬೆತೆ ಮಿರು' ಎಂದರೆ ಅಕ್ಷರಶಃ 'ತಿಂದು ನೋಡು'. 'ಕಾತ್ತೆ ಓಕು' ಎಂದರೆ 'ಕೊಂಡಿಡು'. ಅವರ ಅಕ್ಷರಗಳ ಅನುಕ್ರಮವೂ, ಬೌದ್ಧ ವಿದ್ವಾಂಸರ ಸಂಸ್ಕೃತ ವ್ಯಾಸಂಗದ ಪ್ರಭಾವದಿಂದ, ಸ್ವರಗಳ ನಂತರ ಕ ಎಂದೇ ಶುರುವಾಗಿ ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ದಾರಿಯಲ್ಲೇ ನಡೆಯುತ್ತದೆ. ನಿತ್ಯದ ಓದಿಗೆಂದು ಅಲ್ಲಿನ ಸರ್ಕಾರ ಗೊತ್ತುಪಡಿಸಿದ 2136 ಕಾಂಜಿಗಳನ್ನು, ಎಂದರೆ ಚೀನೀ ಮೂಲದ ಅಕ್ಷರಗಳನ್ನು, ಮಾತ್ರ ಯಾವ ಭಾಷೆಯವನಾದರೂ ಬರೆದು ಬರೆದೇ ಕಲಿಯಬೇಕು.

ಆದರೆ ಕನ್ನಡ ಕೈಹಿಡಿಯದ ಒಂದು ಕಡೆಯಿತ್ತು, ಮತ್ತು ಅದನ್ನು ಕಲಿಸಿದ್ದು ತರಗತಿಯಲ್ಲ, ಆ ಮನೆ. ಒಂದು ಸಂಜೆ ಒಕಾಸಾನ್, ಎಂದರೆ ಮನೆಯ ಅಮ್ಮ, ತೌಡಿನ ಡಬ್ಬಿಯ ಮುಂದೆ ಕುಳಿತಿದ್ದರು. ಉಪ್ಪು ಬೆರೆಸಿದ ಅಕ್ಕಿತೌಡಿನಲ್ಲಿ ಸೌತೆಕಾಯಿ, ಬದನೆಕಾಯಿ ಹುಗಿದು ಹುಳಿಬರಿಸುವ ಉಪ್ಪಿನಕಾಯಿ ಅದು. ತೌಡನ್ನು ದಿನಾಲೂ ಕೈಯಿಂದಲೇ ತಳಮೇಲು ಮಾಡಿ ಕಲಸಬೇಕು, ಇಲ್ಲದಿದ್ದರೆ ಕೆಡುತ್ತದೆ. ಅವರ ಕೈ ಮೊಣಕೈವರೆಗೆ ತೌಡಿನಲ್ಲಿದ್ದಾಗ ಫೋನ್ ಬಂತು. ನಾನೇ ಎತ್ತಿಕೊಂಡು, ಕಲಿತಿದ್ದ ಗೌರವದ ರೂಪವನ್ನೆಲ್ಲ ಒಟ್ಟುಗೂಡಿಸಿ, 'ಒತೋಸಾನ್ ವಾ ಇರಾಶ್ಶಾಯಿಮಾಸೆನ್' ಎಂದೆ: ಅಪ್ಪನವರು ಮನೆಯಲ್ಲಿಲ್ಲ. ನಾನು ಫೋನ್ ಇಡುವವರೆಗೆ ಒಕಾಸಾನ್ ಸುಮ್ಮನಿದ್ದರು. ಆಮೇಲೆ ಕೈ ತೊಳೆದು ಬಂದು, ಹೊರಗಿನವರ ಜೊತೆ ಮಾತನಾಡುವಾಗ 'ಚಿಚಿ ವಾ ಒರಿಮಾಸೆನ್' ಎನ್ನಬೇಕು ಎಂದು ಎರಡು ಸಲ ನಿಧಾನವಾಗಿ ಹೇಳಿಕೊಟ್ಟರು. 'ಚಿಚಿ' ಎಂದರೆ ಗೌರವಸೂಚಕವಿಲ್ಲದ ತಂದೆ; 'ಒರಿಮಾಸೆನ್' ತಮ್ಮವರನ್ನು ತಗ್ಗಿಸಿ ಹೇಳುವ 'ಇಲ್ಲ'. ಅವರ ರೀತಿಯಲ್ಲಿ ಗೌರವ ವ್ಯಕ್ತಿಯ ಹಿರಿತನಕ್ಕಷ್ಟೇ ಅಂಟಿಕೊಂಡಿಲ್ಲ, ಆತ ಒಳಗಿನವನೋ ಹೊರಗಿನವನೋ ಎಂಬುದರ ಮೇಲೂ ನಿಂತಿದೆ. 'ನಮ್ಮ ತಂದೆಯವರು ಹೊರಗೆ ಹೋಗಿದ್ದಾರೆ' ಎಂದು ಯಾರೆದುರಿಗೂ ಬಹುವಚನದಲ್ಲೇ ಹೇಳಿ ಬೆಳೆದ ನನಗೆ, ಹಿರಿಯರೊಬ್ಬರ ಬಗ್ಗೆ ಪರರ ಮುಂದೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಇಂದಿಗೂ ಈ ವಿಷಯದಲ್ಲಿ ನನ್ನ ಮನಸ್ಸು ನಮ್ಮ ರೀತಿಯ ಕಡೆಗೇ ವಾಲುತ್ತದೆ. ಆದರೂ ಆ ರಾತ್ರಿ ಹಾಸಿಗೆಯಲ್ಲಿ ಯೋಚಿಸಿದಾಗ ಹೊಳೆಯಿತು: ಮನೆಯಲ್ಲಿ ತಂಗಿರುವ ಅತಿಥಿ ಹೇಳಬೇಕಾದ ಮಾತನ್ನು ಅವರು ನನಗೆ ಹೇಳಿಕೊಡಲಿಲ್ಲ, ಆ ಮನೆಯ ಮಗ ಹೇಳಬೇಕಾದ ಮಾತನ್ನು ಹೇಳಿಕೊಟ್ಟರು.

ಊಟದ ಹೊತ್ತಿನಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆ ಇರಲಿಲ್ಲ. ಮೀನಿನ ರಸ ನನಗಾಗದೆಂದು ಒಕಾಸಾನ್ ಬೌದ್ಧ ಮಠಗಳ ಅಡುಗೆಯಂತೆ ಕೊಂಬು ಎಂಬ ಕಡಲಪಾಚಿಯಿಂದಲೂ ಒಣ ಅಣಬೆಯಿಂದಲೂ ಸಾರು ಮಾಡಿ, 'ತಾಬೆಮಾಶ್ಶಿ' ಎಂದು ಬಡಿಸುತ್ತಿದ್ದರು. ಇದು ಕನಜಾವಾದ ಆಡುನುಡಿ, ನನ್ನ ಪುಸ್ತಕದಲ್ಲಿರಲಿಲ್ಲ. ನಮ್ಮ 'ಊಟ ಮಾಡ್ರಿ' ಎಂಬುದರ ಮೆದುತನ ಅದಕ್ಕಿದೆ. ನವೆಂಬರ್ 1ರಂದು ಅಲ್ಲಿನ ಕೆನ್ರೊಕುಎನ್ ಉದ್ಯಾನದಲ್ಲಿ, ಬರಲಿರುವ ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಮರಗಳಿಗೆ ಹಗ್ಗ ಕಟ್ಟಲು ಆರಂಭಿಸುತ್ತಾರೆ. ಅದನ್ನು ನೋಡಿ ಬಂದ ಸಂಜೆ, ಅದೇ ದಿನ ನಮಗೂ ಹಬ್ಬವೆಂದು, 1956ರಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾದುದನ್ನು ನಾನು ಹರಕುಮುರುಕು ಜಪಾನಿಯಲ್ಲಿ ಹೇಳತೊಡಗಿದೆ. ಕಾಲು ಗಂಟೆ ಹಿಡಿಯಿತು. ಯಾರೂ ನನ್ನ ವಾಕ್ಯವನ್ನು ತಾವು ಮುಗಿಸಲಿಲ್ಲ. ಕಥೆ ಕೇಳುವ ಮಕ್ಕಳಂತೆ ಹೂಂಗುಟ್ಟುತ್ತ, ಸಾರು ಆರುತ್ತಿದ್ದರೂ ಕಾದರು.

ಈ ಕಾಯುವಿಕೆ ನಮ್ಮಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರೊಬ್ಬರು 'ಎಷ್ಟು ಆಯಿತು' ಎಂದು ತಡವರಿಸಿದರೆ, ನಾವು ಅವರಿಗೆ ಉಪಕಾರ ಮಾಡಿದೆವೆಂದುಕೊಂಡು ತಕ್ಷಣ ಹಿಂದಿಗೋ ಇಂಗ್ಲಿಷಿಗೋ ಜಾರುತ್ತೇವೆ. ಜಪಾನಿನ ಅಂಗಡಿಗಳಲ್ಲೂ ನನ್ನ ಮುಖ ನೋಡಿ ಇಂಗ್ಲಿಷ್ ಆಡಿದವರಿದ್ದಾರೆ, ನಿಜ. ಆದರೆ ನನಗೆ ಮರಳಿ ಹೋಗಲು ಒಂದು ಊಟದ ಮೇಜಿತ್ತು. ಪಿ.ಜಿ. ಕೋಣೆಯಲ್ಲಿರುವ ಕನ್ನಡ ಕಲಿಯುವ ಹುಡುಗಿಗೆ ಅದಿಲ್ಲ.

ಹಾಗೆಂದು ಮನೆಯೊಳಗೆ ವಿದ್ಯಾರ್ಥಿಯನ್ನು ಕೂಡಿಸಿಕೊಳ್ಳುವುದು ನಮಗೆ ಹೊಸದೇನಲ್ಲ. ನನ್ನ ಅಜ್ಜ ಧಾರವಾಡದಲ್ಲಿ ಓದಿದ್ದು ವಾರಾನ್ನದಿಂದ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಪದ್ಧತಿ ಬಹುಮಟ್ಟಿಗೆ ಜಾತಿಯ ಬೇಲಿಯೊಳಗೇ ಇತ್ತು, ಆ ಬೇಲಿ ಮರಳಿ ಬರಬಾರದು. ಆದರೆ ವಾರಕ್ಕೊಂದು ದಿನ, ಕನ್ನಡ ಕಲಿಯಬಯಸುವ ಯಾರೇ ಆಗಲಿ, ಒಬ್ಬರನ್ನು ಊಟಕ್ಕೆ ಕರೆದು, ಆ ಒಂದು ತಾಸು ಕನ್ನಡದಲ್ಲೇ ಮಾತನಾಡಲು ಒಂದು ಮನೆಗೆ ತಗಲುವ ಖರ್ಚಾದರೂ ಎಷ್ಟು? ಕಲಿಕಾ ಕೇಂದ್ರಗಳು, ಆ್ಯಪ್‌ಗಳು ಬರಲಿ. ಅನ್ನ ಬಡಿಸುತ್ತ 'ಇನ್ನಷ್ಟು ಹಾಕಲೇ' ಎಂದು ಕೇಳುವ ಕೆಲಸ ಅವುಗಳಿಂದ ಆಗದು.

ಕನಜಾವಾದ ಆ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಬರುವ ಫೆಬ್ರವರಿಯ ರಜೆಯಲ್ಲಿ ಆರು ವಾರ ನಮ್ಮ ಮನೆಯಲ್ಲಿರಲು ಧಾರವಾಡಕ್ಕೆ ಹೊರಟಿದ್ದಾಳೆ. ಮೊನ್ನೆ ಫೋನಿನಲ್ಲಿ ಅವ್ವ ಆತಂಕದಿಂದ, 'ಆಕಿ ಜೋಡಿ ಇಂಗ್ಲಿಷಿನ್ಯಾಗ ಮಾತಾಡಬೇಕಾಗ್ತದೇನೋ?' ಎಂದು ಕೇಳಿದಳು. 'ಬ್ಯಾಡವ್ವ, ಕನ್ನಡದಾಗ ಮಾತಾಡು, ಸಾವಕಾಶ ಮಾತಾಡು' ಎಂದೆ.