ಬಯಾಲಜಿ ಡಿಗ್ರಿ ಆಯ್ತು, ಮುಂದೆ?

ಬಯಾಲಜಿ ಓದಿದವರಿಗೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಮೆಡಿಕಲ್ ಸಿಗಲಿಲ್ವಾ? ಹಾಗಾದ್ರೆ ಟೀಚರ್ ಆಗ್ತೀಯಾ? ಇವಕ್ಕೆ ಉತ್ತರ ಹೇಳಲಾಗದೆ ಎಷ್ಟೋ ಜನ ಸುಮ್ನೆ ಎಂ.ಎಸ್ಸಿ. ಸೇರಿಬಿಡುತ್ತಾರೆ. ನಾನು ಹೇಳುವುದಿಷ್ಟೇ: ಕೋರ್ಸಿನ ಹೆಸರು ಬದಿಗಿಡಿ. ಆ ಕೆಲಸದವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ಮೊದಲು ನೋಡಿ.

ಬಯೋಟೆಕ್ ಜಾಹೀರಾತಿನಲ್ಲಿ ಬಿಳಿ ಕೋಟು, ಮೈಕ್ರೋಸ್ಕೋಪು, ನಗುಮುಖ. ಲ್ಯಾಬಿನಲ್ಲಿ ಇರುವುದು 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟು. ಪಿಪೆಟ್ ಹಿಡಿದು ಒಂದೊಂದು ಗುಳಿಗೂ ಹನಿ ಹಾಕುತ್ತಾ ಕೂರಬೇಕು. ನಡುವೆ ಯಾರಾದರೂ ಮಾತಾಡಿಸಿದರೋ, ಎಲ್ಲಿವರೆಗೆ ಹಾಕಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಜೀವಕೋಶ ಬೆಳೆಸುವವರಿಗೆ ರಜೆಯೂ ಇಲ್ಲ. ಕೋಶಗಳನ್ನು ಬೆಳೆಸುವ ಪೋಷಕ ದ್ರವಕ್ಕೆ ಮೀಡಿಯಾ ಅಂತಾರೆ. ಕೆಂಪಗಿದ್ದ ಅದು ಹಳದಿಗೆ ತಿರುಗಿದರೆ ಆಮ್ಲ ಜಾಸ್ತಿ ಆಗಿದೆ ಅಂತ ಅರ್ಥ, ಭಾನುವಾರವಾದರೂ ಹೋಗಿ ಬದಲಾಯಿಸಬೇಕು. ಇದರಲ್ಲೇ ಖುಷಿಪಡುವವರಿದ್ದಾರೆ. ಅಂಥವರು ಧಾರಾಳವಾಗಿ ಪಿಎಚ್.ಡಿ. ಮಾಡಲಿ. ಆದರೆ ವಿಷಯಕ್ಕಿಂತ ಗೈಡ್ ಮುಖ್ಯ. ಅವರ ಹಳೇ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು ಅಂತ ವಿಚಾರಿಸಿಕೊಂಡೇ ಸೇರಿ.

ಪಿಪೆಟ್ ಒಗ್ಗದವರು ಬಯಾಲಜಿಯನ್ನೇ ಬಿಡಬೇಕಾಗಿಲ್ಲ. ಔಷಧಿಗಳನ್ನು ಜನರ ಮೇಲೆ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ರೋಗಿಗಳ ದಾಖಲೆ ಪರಿಶೀಲಿಸುವ ಕೆಲಸವಿದೆ. ಬಿಪಿಯ ಮೇಲಿನ ಅಂಕಿ ಕೆಳಗೆ, ಕೆಳಗಿನದು ಮೇಲೆ ಬರೆದಿದ್ದರೆ ಥಟ್ಟನೆ ಕಣ್ಣಿಗೆ ಬೀಳಬೇಕು. ಔಷಧಿಗಳ ಅಡ್ಡ ಪರಿಣಾಮದ ವರದಿಗಳನ್ನು ನೋಡುವ ಫಾರ್ಮಕೋವಿಜಿಲೆನ್ಸ್ ಇದೆ. ಪೇಟೆಂಟ್, ವಿಜ್ಞಾನ ಬರವಣಿಗೆಯೂ ಇವೆ. ಜನರ ಜೊತೆ ಮಾತಾಡುವುದು ಇಷ್ಟವಾದರೆ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶವಾಹಿ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವ ಕೆಲಸ ನೋಡಿ. ಅಮೆರಿಕದ ಸಾರಾ ಲಾರೆನ್ಸ್ ಕಾಲೇಜು 1969ರಲ್ಲೇ ಇದಕ್ಕೊಂದು ಸ್ನಾತಕೋತ್ತರ ಕೋರ್ಸ್ ಶುರುಮಾಡಿತ್ತು, ಆದರೂ ಈಗಲೂ ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿಲ್ಲ.

ಇನ್ನು ಕಂಪ್ಯೂಟರಿನ ವಿಷಯ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ ಬಂದ ಮೇಲೆ ‘ಇನ್ನು ಬಯಾಲಜಿ ಓದಿದವರು ಯಾಕೆ ಬೇಕು?’ ಅನ್ನುವವರು ಹುಟ್ಟಿಕೊಂಡಿದ್ದಾರೆ. ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲೂ ಸಿಕ್ಕಿತು. ಸರಿ, ಆದರೆ ಆ ಪ್ರೋಗ್ರಾಂ ಕಲಿತದ್ದು ಎಲ್ಲಿಂದ? 1971ರಲ್ಲಿ ಶುರುವಾದ, ಪ್ರೋಟೀನ್ ರಚನೆಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಅಲ್ಲಿರುವ ಬಹುಪಾಲು ರಚನೆಗಳು ಯಾರೋ ಹಟ ಹಿಡಿದು ಪ್ರೋಟೀನಿನ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ ಕಂಡುಕೊಂಡವು. ಲ್ಯಾಬಿನವರು ದುಡಿಯದಿದ್ದರೆ ಕಂಪ್ಯೂಟರಿಗೆ ಕಲಿಯಲು ಏನಿರುತ್ತಿತ್ತು, ಅಲ್ವಾ?

ಹಾಗಂತ ಲೆಕ್ಕ ಕಂಡರೆ ಓಡುವ ಅಭ್ಯಾಸ ಇನ್ನು ನಡೆಯಲ್ಲ. ‘ಗಣಿತ ಬೇಡ ಅಂತಾನೇ ಬಯಾಲಜಿ ತಗೊಂಡೆ’ ಅನ್ನುವವರು ತುಂಬಾ ಜನ. ಯಾವ ದಾರಿ ಹಿಡಿದರೂ ಸ್ಟ್ಯಾಟಿಸ್ಟಿಕ್ಸ್ ಬೇಕು. ಅದಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳಾದ ಆರ್, ಪೈಥಾನ್ ಎರಡೂ ಉಚಿತ. ಅಮೆರಿಕ ಸರ್ಕಾರದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐನ ಜಿಇಒ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ನಿಜವಾದ ಪ್ರಯೋಗಗಳ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಯೋಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅದರಲ್ಲೊಂದನ್ನು ತೆಗೆದುಕೊಂಡು ಒಂದು ತಿಂಗಳು ಗುದ್ದಾಡಿ ನೋಡಿ. ಬೇಜಾರಾದರೆ ಫೀಸಾದರೂ ಉಳಿಯಿತು.