ಅಮ್ಮನ ಜೊತೆ ಬ್ಯಾಂಕಾಕ್‌ಗೆ ಹೋಗಿದ್ದೆ, ನಗಬೇಡಿ

ರಜೆ ಕೇಳುವಾಗ ಬಾಯಿತಪ್ಪಿ ಊರಿನ ಹೆಸರು ಹೇಳಿಬಿಟ್ಟೆ. ಪಕ್ಕದ ಸೀಟಿನ ಗೆಳೆಯ ಕಣ್ಣು ಹೊಡೆದ. "ಬ್ಯಾಂಕಾಕಾ? ಯಾರ ಜೊತೆ ಗುರು?"

"ಅಮ್ಮನ ಜೊತೆ."

ಪಾಪ, ಅವನ ಮುಖ ನೋಡಬೇಕಿತ್ತು.

ಹೋಗಿದ್ದು 2024ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚಿನ ನವೆಂಬರ್‌ನಲ್ಲಷ್ಟೇ ಥಾಯ್ಲೆಂಡ್ ನಮ್ಮವರಿಗೆ ವೀಸಾ ಬೇಡ ಅಂದಿತ್ತು. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆ. ನಮ್ಮೂರಿಗೆ ಬಸ್ಸಿನಲ್ಲಿ ಹೋಗಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಅಮ್ಮ ನಿವೃತ್ತ ಕನ್ನಡ ಮೇಷ್ಟ್ರು. ಥಾಯ್ ಬರುವುದಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ಇಳಿದ ಕ್ಷಣದಿಂದ ಆ ಊರನ್ನು ಓದಿದ್ದು ನಾನಲ್ಲ, ಅವಳು. ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಮೆಟ್ರೋ ಸ್ಟೇಷನ್ನಿನಲ್ಲಿ 'ರಾಚಥೇವಿ' ಅಂತ ಕೂಗಿದರು. "ರಾಜದೇವಿ ಕಣೋ" ಅಂದಳು. ನದಿಯ ಆಚೆ ದಡ ಥೋನ್‌ಬುರಿ. "ಧನಪುರಿ ಇರಬೇಕು." ಹೋಟೆಲಿಗೆ ಹೋಗಿ ಹುಡುಕಿದೆ. ಹೌದು, ಧನಪುರಿಯೇ. ಎಲ್ಲರೂ ಹೇಳುವ 'ಸವಾದ್ದಿ' ನಮ್ಮ ಸ್ವಸ್ತಿ. ಏಪ್ರಿಲ್‌ನಲ್ಲಿ ನೀರೆರಚಾಡುವ ಸೊಂಗ್‌ಕ್ರಾನ್ ಹಬ್ಬ, ಸಂಕ್ರಾಂತಿ.

ಅಲ್ಲಿನವರು ತಮ್ಮ ಊರನ್ನು ಬ್ಯಾಂಕಾಕ್ ಅನ್ನುವುದೇ ಇಲ್ಲ. ಅವರಿಗೆ ಅದು ಕ್ರುಂಗ್ ಥೇಪ್, ದೇವರ ಊರು. 1782ರಲ್ಲಿ ಒಂದನೇ ರಾಮ ಅನ್ನುವ ಅವರ ರಾಜ ಕಟ್ಟಿದ ರಾಜಧಾನಿ. ಪೂರ್ತಿ ಹೆಸರು ಒಂದು ಉಸಿರಿಗೆ ಮುಗಿಯುವುದಿಲ್ಲ. ರಾತ್ರಿ ಮೊಬೈಲಿನಲ್ಲಿ ನೋಡಿಕೊಂಡು ನಾನು ತಡವರಿಸುತ್ತಾ ಓದಿದೆ, ಅಮ್ಮ ಒಂದೊಂದೇ ಪದ ಬಿಡಿಸಿದಳು. ಅಮರ, ರತ್ನ, ಮಹೇಂದ್ರ, ಅಯೋಧ್ಯಾ, ನವರತ್ನ, ರಾಜಧಾನಿ... ಕೊನೆಗೆ ಇಂದ್ರ ಕೊಟ್ಟಿದ್ದು, ವಿಶ್ವಕರ್ಮ ಕಟ್ಟಿದ್ದು ಅಂತ ಬರುತ್ತದೆ. ನಡುವೆ 'ಉದೊಮ್ ರಾಚನಿವೇತ್' ಅಂತ ಬಂತು. ಉತ್ತಮ ರಾಜನಿವೇಶನ. "ಅಂದ್ರೆ ರಾಜನ ಸೈಟು" ಅಂದೆ. ಅಮ್ಮ ದಿಂಬು ಎಸೆದಳು.

ಇದನ್ನೆಲ್ಲ ಬರೆದರೆ ಒಂದು ಅಪಾಯ ಇದೆ, ಗೊತ್ತು. ಕಾಮೆಂಟಿನಲ್ಲಿ ಯಾರೋ "ಅದೆಲ್ಲಾ ನಮ್ಮದೇ" ಅಂತ ಎದೆ ತಟ್ಟಿಕೊಳ್ಳುತ್ತಾರೆ. ಕಣ್ಣು ಹೊಡೆಯುವವರಷ್ಟೇ ಬೇಜಾರು ಬರಿಸುವವರು ಇವರು. ಇಬ್ಬರೂ ಊರನ್ನು ನೋಡಿರುವುದಿಲ್ಲ.

ಅರಮನೆಯ ಆವರಣದಲ್ಲಿ ಪಚ್ಚೆ ಬುದ್ಧನ ಗುಡಿ ಇದೆ. ಅದರ ಸುತ್ತಲಿನ ಪ್ರಾಕಾರದ ಗೋಡೆಯ ಮೇಲೆ ರಾಮಕಿಯೆನ್, ಅಂದರೆ ಅವರ ರಾಮಾಯಣ, 178 ಚಿತ್ರಗಳಲ್ಲಿದೆ. ಟಿಕೆಟ್ 500 ಬಾತ್. ("ದುಡ್ಡಿಗೂ ಬಾತ್ ಅಂತಾರಾ?" ಅಂತ ಅಮ್ಮನಿಗೆ ನಾಲ್ಕು ದಿನವೂ ನಗು.) ಬಿಸಿಲಿಗೆ ಜನ ಫೋಟೋ ತೆಗೆದು ಓಡುತ್ತಿದ್ದರು. ಅಮ್ಮ ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ರಾವಣನ ಮುಖ ಹಸಿರು, ಹೆಸರು ತೋತ್ಸಕಾನ್, ಅಂದರೆ ದಶಕಂಠ. ಹನುಮಂತ ಅಚ್ಚ ಬಿಳಿ. ಅಷ್ಟೇ ಆಗಿದ್ದರೆ ಸರಿ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ರಾವಣನ ಮಗಳು, ಬಂಗಾರದ ಮತ್ಸ್ಯಕನ್ಯೆ, ಅವಳ ಮೇಲೆ ಈ ಹನುಮಂತನಿಗೆ ಮನಸ್ಸಾಗುತ್ತದೆ. ಮಗನೂ ಹುಟ್ಟುತ್ತಾನೆ. ನಮ್ಮಮ್ಮ ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವವಳು. ಹೇಗೆ ಹೇಳಲಿ ಅಂತ ಯೋಚಿಸಿ, ಕೊನೆಗೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರ ಹನುಮಂತ ಬೇರೆ, ಬಿಡು" ಅಂದಳು. ನಮ್ಮದು ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ.

ಅದೇ ದಿನ ಬೆಳಿಗ್ಗೆ ಮೋಸವೂ ಹೋಗಿದ್ದೆವು. ಅರಮನೆಯ ಗೇಟಿಗೆ ಸ್ವಲ್ಪ ದೂರದಲ್ಲಿ, ಕೊರಳಿಗೆ ಕಾರ್ಡು ಹಾಕಿಕೊಂಡ ಒಬ್ಬರು ಸಿಕ್ಕರು. "ಇವತ್ತು ಪೂಜೆ, ಮಧ್ಯಾಹ್ನದವರೆಗೆ ಬಂದ್. ಅಷ್ಟರಲ್ಲಿ ಬೇರೆ ಗುಡಿ ತೋರಿಸ್ತೀವಿ, 20 ಬಾತ್." ಇಂಟರ್ನೆಟ್ಟಿನಲ್ಲಿ ಈ ಮೋಸದ ಬಗ್ಗೆ ಓದಿಕೊಂಡೇ ಹೋಗಿದ್ದೆ. ಆದರೂ ಟುಕ್‌ಟುಕ್ ಹತ್ತಿದೆ! ಅದು ಸೀದಾ ಹರಳಿನ ಅಂಗಡಿ ಮುಂದೆ ನಿಂತಿತು. ಅಮ್ಮ ಅರ್ಧ ಗಂಟೆ ನೀಲ ನೋಡಿದಳು, ಚೌಕಾಸಿ ಮಾಡಿದಳು, ಟೀ ಕುಡಿದಳು, ಏನೂ ಕೊಳ್ಳದೆ ಎದ್ದು ಬಂದಳು. ಅಂಗಡಿಯವರ ಮೇಲೇ ನನಗೆ ಕನಿಕರ ಹುಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು ಗುಡಿಗಳಲ್ಲ, ಚಾವೊ ಫ್ರಾಯಾ ನದಿಯ ದೋಣಿಗಳು. ಕಿತ್ತಳೆ ಬಾವುಟದ ದೋಣಿಯಲ್ಲಿ ಆಫೀಸಿನವರು, ಶಾಲೆ ಮಕ್ಕಳು, ಕಾವಿ ಉಟ್ಟ ಭಿಕ್ಷುಗಳು, ಸೊಪ್ಪಿನ ಚೀಲ ಹೊತ್ತ ಅಜ್ಜಿಯರು. ಟಿಕೆಟ್ ಕೊಡುವ ಹೆಂಗಸು ಉದ್ದನೆಯ ತಗಡಿನ ಡಬ್ಬಿಯನ್ನು ಟಕಟಕ ಬಡಿಯುತ್ತಾ ಬರುತ್ತಾಳೆ. ಚಿಲ್ಲರೆಯೂ ಟಿಕೆಟ್ಟೂ ಅದರಲ್ಲೇ. ಹಿಂದೆ ನಿಂತ ಹುಡುಗ ಸಿಳ್ಳೆ ಊದುತ್ತಾನೆ. ಮುಂದಿರುವ ಚಾಲಕನಿಗೆ ಹಿಂಬದಿ ಕಾಣುವುದಿಲ್ಲ. ದಡಕ್ಕೆ ಎಷ್ಟು ಹತ್ತಿರ ಬಂತು, ಯಾವಾಗ ಹಿಂದಕ್ಕೆ ತಗೋಬೇಕು, ಎಲ್ಲವೂ ಆ ಸಿಳ್ಳೆಯಲ್ಲೇ. ಎರಡನೇ ದಿನಕ್ಕೆ ಅಮ್ಮನಿಗೆ ಆ ಸಿಳ್ಳೆಯ ಭಾಷೆಯೂ ಅರ್ಥವಾಗತೊಡಗಿತ್ತು. "ಏಳು, ಹಗ್ಗ ಹಾಕ್ತಾನೆ ಈಗ" ಅನ್ನುತ್ತಿದ್ದಳು. ಅಂದ ಹಾಗೆ, ಆ ದೋಣಿಯಲ್ಲಿ ಸ್ಪೀಕರ್ ಹಾಕಿಕೊಂಡು ರೀಲ್ಸ್ ನೋಡುತ್ತಿದ್ದ ಒಂದೇ ಗುಂಪು ನಮ್ಮ ದೇಶದ್ದು.

ಊಟದ್ದು ಕಷ್ಟ ಆಗಬಹುದು ಅಂತ ಹೆದರಿ ಚಟ್ನಿಪುಡಿ ಒಯ್ದಿದ್ದೆವು. ಪಪ್ಪಾಯ ಕೋಸಂಬರಿಗೂ ಮೀನಿನ ಸಾಸ್ ಹಾಕುವ ಊರು ಅದು. ಆದರೆ ಸಸ್ಯಾಹಾರಕ್ಕೆ ಥಾಯ್‌ನಲ್ಲಿ 'ಮಾಂಗ್ಸವಿರಾತ್' ಅನ್ನುತ್ತಾರೆ. ಮಾಂಸವಿರತಿ! ಹಳದಿ ಬಾವುಟದಲ್ಲಿ ಕೆಂಪಕ್ಷರದ 'ಜೇ' ಕಂಡರೆ ಅಲ್ಲಿ ಮೀನೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಒಂದು ಬೀದಿ ತುದಿಯಲ್ಲಿ ಅಮ್ಮ ಗಕ್ಕನೆ ನಿಂತಳು. ಒಬ್ಬಾಕೆ ಗುಳಿಗುಳಿ ಹಂಚಿನಲ್ಲಿ ಹಿಟ್ಟು ಹುಯ್ಯುತ್ತಿದ್ದಳು. ಥೇಟ್ ಪಡ್ಡು. ಹೆಸರು 'ಖನೊಮ್ ಕ್ರೊಕ್'. ಅಕ್ಕಿ ಹಿಟ್ಟು, ತೆಂಗಿನಹಾಲು, ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು. ಮೇಲೆ ಈರುಳ್ಳಿ ಸೊಪ್ಪು. ಇಬ್ಬರೂ ಭಾಷೆಯೇ ಇಲ್ಲದೆ ಹತ್ತು ನಿಮಿಷ ಮಾತಾಡಿದರು.

ಕಣ್ಣು ಹೊಡೆಯುವವರು ಹೇಳುವ ಬ್ಯಾಂಕಾಕ್ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸುಖುಮ್ವಿತ್ ರಸ್ತೆಯಲ್ಲಿ ದಾರಿ ತಪ್ಪಿ ಒಂದು ರಾತ್ರಿ ಆ ಗಲ್ಲಿಗೇ ಹೊಕ್ಕೆವು. ಬಣ್ಣದ ದೀಪ, ಎತ್ತರದ ಸ್ಟೂಲ್, ಹುಡುಗಿಯರು. ನನಗೆ ನೆಲ ಬಿರಿಯಬಾರದಾ ಅನ್ನಿಸಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಈ ದಂಧೆ ಇಷ್ಟು ಬೆಳೆದಿದ್ದು ಆಗ. ಹುಡುಗಿಯರಲ್ಲಿ ಬಹಳ ಜನ ಈಶಾನ್ಯದ ಇಸಾನ್ ಕಡೆಯ ಬಡ ಹಳ್ಳಿಗಳವರು. ಇಸಾನ್ ಅಂದರೆ ಈಶಾನ್ಯ, ಅದೂ ನಮಗೆ ಗೊತ್ತಿರುವ ಪದವೇ. ಅಮ್ಮ ತಲೆ ತಗ್ಗಿಸಲಿಲ್ಲ. "ಹೈಸ್ಕೂಲ್ ಮಕ್ಕಳ ಥರ ಇದ್ದಾವಲ್ಲೋ. ಊಟ ಆಯ್ತೋ ಇಲ್ವೋ" ಅಂದಳು. ಆಮೇಲೆ ಯಾರು ಬ್ಯಾಂಕಾಕ್ ಅಂತ ಕಣ್ಣು ಹೊಡೆದರೂ ನನಗೆ ಆ ಮಾತೇ ಕೇಳಿಸುತ್ತದೆ.

ವಾಪಸ್ ಬರುವಾಗ ಅಮ್ಮನ ಸೂಟ್‌ಕೇಸ್ ತೂಕ ಜಾಸ್ತಿ ಬಂತು. ಬಿಚ್ಚಿದರೆ ಖನೊಮ್ ಕ್ರೊಕ್ ಹಂಚು. ಮನೆಯಲ್ಲಿ ಎರಡು ಪಡ್ಡು ಹಂಚು ಇವೆ, ಆದರೂ ಇದು ಬೇಕಿತ್ತಂತೆ. ನನ್ನ ಎರಡು ಜೀನ್ಸ್ ಕೈಚೀಲಕ್ಕೆ ಬಂದವು.

ಹೋದ ಭಾನುವಾರ ಆ ಗೆಳೆಯ ಮನೆಗೆ ಬಂದಿದ್ದ. ಬಾಗಿಲಲ್ಲೇ ಮತ್ತೆ ಅದೇ ನಗು, "ಏನ್ ಗುರು, ಸಮಾಚಾರ?" ಅಮ್ಮ ಅವನ ಮುಂದೆ ತಟ್ಟೆ ಇಟ್ಟಳು. ಒಂದು ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿದ.

"ಆಂಟಿ, ಸಿಹಿ ಪಡ್ಡುಗೆ ಈರುಳ್ಳಿ ಸೊಪ್ಪಾ?"

"ಅಲ್ಲಿ ಹಾಗೇ ಹಾಕೋದು ಕಣಪ್ಪ. ಇನ್ನೆರಡು ತಿನ್ನು."