ಯಾರಿಗೆ ಎರಡು ಗಂಟೆ?

ಸರ್ಕಾರಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಿಂದ ಈಗಷ್ಟೇ ಮನೆಗೆ ಬಂದು ಕುಳಿತಿದ್ದೇನೆ. ಅತ್ತೆಯವರು ಆರಾಮವಾಗಿದ್ದಾರೆ, ವಿಚಾರಿಸಲು ಯಾರೂ ಫೋನ್ ಮಾಡಬೇಕಾಗಿಲ್ಲ. ಸರಿಯಿಲ್ಲದಿರುವುದು ನನ್ನ ತಲೆ. ಅದಕ್ಕೆ ಕಾರಣ, ರೋಗಿಗಳು ಕಾಯುವ ಕೋಣೆಯ ಗೋಡೆಗೆ ತೂಗುಹಾಕಿದ್ದ ಒಂದು ಪರದೆ. ‘ಕಾಯಬೇಕಾದ ಸರಾಸರಿ ಸಮಯ: 2 ಗಂಟೆ’ ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಅದರ ಕೆಳಗೆ ಕುಳಿತಿದ್ದವರೊಬ್ಬರು ಎರಡು ಗಂಟೆ ತುಂಬಿದೊಡನೆ ಎದ್ದು, ತಮಗಿಂತ ಎಷ್ಟೋ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದದ್ದೇಕೆ ಎಂದು ನರ್ಸ್ ಮೇಲೆ ಕೂಗಾಡಿದರು. ಕೂಗಾಡಿದ್ದು ತಪ್ಪು. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಲ್ಲ, ಮತ್ತು ಅದಕ್ಕೆ ಉತ್ತರ ಆ ಕೋಣೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಉತ್ತರವೇನೋ ಹಳೆಯದೇ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೇ, ಗಾಯಾಳುಗಳ ಹುದ್ದೆಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆಯ ಸರದಿಯನ್ನು ನಿರ್ಧರಿಸಿದ್ದನು. ಬಂದ ರೋಗಿಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವ ಇಂದಿನ ‘ಟ್ರಯೇಜ್’ ಪದ್ಧತಿಯ ತಿರುಳೂ ಅದೇ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಬಳಸುವ ಅಳತೆಗೋಲಿನಲ್ಲಿ ಐದು ವರ್ಗಗಳಿವೆ: ಮೊದಲ ವರ್ಗದವರನ್ನು ಆ ಕ್ಷಣವೇ ನೋಡಬೇಕು, ಉಳಿದವರನ್ನು ಕ್ರಮವಾಗಿ 10, 30, 60 ಮತ್ತು 120 ನಿಮಿಷಗಳೊಳಗೆ. ಬ್ರಿಟನ್ನಿನಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಬಣ್ಣಗಳಿವೆ. ಅದರಲ್ಲಿ ಹಸಿರಿನವರು 120 ನಿಮಿಷ, ನೀಲಿಯವರು 240 ನಿಮಿಷಗಳವರೆಗೂ ಕಾಯಬಹುದೆಂದು ಪದ್ಧತಿಯೇ ಒಪ್ಪಿಕೊಂಡಿದೆ. ಹಾಗಿರುವಾಗ ಉಸಿರು ನಿಂತವನ ಸೊನ್ನೆಯನ್ನೂ ಕಾಲು ಉಳುಕಿದವನ ನಾಲ್ಕು ಗಂಟೆಯನ್ನೂ ಕೂಡಿ, ಎರಡರಿಂದ ಭಾಗಿಸಿ, ಬಂದದ್ದನ್ನು ಗೋಡೆಗೆ ತೂಗುಹಾಕಿದರೆ ಆ ಎರಡು ಗಂಟೆ ಯಾರದು? ಇಬ್ಬರದೂ ಅಲ್ಲ. ಲೆಕ್ಕದಲ್ಲಿ ಸರಿಯಿದ್ದು ಅರ್ಥದಲ್ಲಿ ಸುಳ್ಳಾಗುವ ಇಂತಹ ಅಂಕಿಯನ್ನು ಪ್ರಕಟಿಸಿದವರು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತಿರುತ್ತಾರೆ, ಅದಕ್ಕಾಗಿ ಬೈಗುಳ ತಿನ್ನುವವರು ಮಾತ್ರ ಕೌಂಟರಿನಲ್ಲಿ ನಿಂತಿರುವ ನರ್ಸ್.

ಗಡಿಯಾರ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಆ ಪರದೆ ಹೇಳುವುದಿಲ್ಲ. ವೈದ್ಯರು ಮೊದಲ ಬಾರಿ ನೋಡುವವರೆಗಿನ ಸಮಯವೋ, ಅಥವಾ ವಿಭಾಗದಿಂದ ಹೊರಬೀಳುವವರೆಗಿನ ಸಮಯವೋ? ಇಂಗ್ಲೆಂಡಿನ ಪ್ರಸಿದ್ಧ ನಾಲ್ಕು ಗಂಟೆಯ ಗುರಿ ಎರಡನೆಯ ಬಗೆಯದು: ರೋಗಿ ಬಂದ ಕ್ಷಣದಿಂದ ದಾಖಲಾಗುವ, ಬೇರೆಡೆಗೆ ಕಳುಹಿಸಲ್ಪಡುವ ಅಥವಾ ಮನೆಗೆ ಹೋಗುವ ತನಕದ ಅವಧಿಯನ್ನು ಅದು ಎಣಿಸುತ್ತದೆ. ಶೇಕಡಾ 98 ರೋಗಿಗಳು ಆ ಅವಧಿಯೊಳಗೆ ಹೊರಬೀಳಬೇಕೆಂದಿದ್ದ ಗುರಿಯನ್ನು 2010ರಲ್ಲಿ ಶೇಕಡಾ 95ಕ್ಕೆ ಇಳಿಸಲಾಯಿತು. ಅಲ್ಲಿ ಗುರಿ ತಪ್ಪಿದೆಯೆಂದು ಜನ ಜಗಳವಾಡುವಾಗ ಯಾವ ಗಡಿಯಾರದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದಾದರೂ ಸ್ಪಷ್ಟವಿರುತ್ತದೆ.

ಇನ್ನು ಕಾಯುವುದೆಲ್ಲವೂ ಸುಮ್ಮನೆ ಕಾಯುವುದೂ ಅಲ್ಲ. ಎದೆನೋವೆಂದು ಬಂದವರಿಗೆ 10 ನಿಮಿಷಗಳೊಳಗೆ ಇಸಿಜಿ ಮಾಡಬೇಕೆಂಬ ನಿಯಮವಿದೆ. ಅದು ಸರಿಯಾಗಿ ಕಂಡರೂ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ರಕ್ತದಲ್ಲಿ ಟ್ರೊಪೋನಿನ್ ಪರೀಕ್ಷೆ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೊಮ್ಮೆ ಮಾಡಿ, ಎರಡರ ನಡುವೆ ಏರಿಕೆ ಇದೆಯೇ ಎಂದು ನೋಡುತ್ತಾರೆ. ಆ ಮಧ್ಯಂತರವೇ ಪರೀಕ್ಷೆಯ ಒಂದು ಭಾಗ. ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ರೋಗಿ ನೆಮ್ಮದಿಯಿಂದ ಕುಳಿತಿರುತ್ತಾನೆ, ಹೇಳದಿದ್ದರೆ ತನ್ನನ್ನು ಮರೆತರೆಂದೇ ಭಾವಿಸುತ್ತಾನೆ.

ನೆಗಡಿ, ಕೆಮ್ಮು ಎಂದು ಬಂದು ತುಂಬಿಕೊಳ್ಳುವವರಿಂದಲೇ ಇಷ್ಟೆಲ್ಲ ವಿಳಂಬ ಎಂದು ಇದನ್ನು ಓದಿ ಕೆಲವರು ಬರೆಯುತ್ತೀರಿ, ನನಗೆ ಗೊತ್ತು. ಅವರು ಬಳಸುವುದು ಒಂದು ಕುರ್ಚಿಯನ್ನು ಮತ್ತು ವೈದ್ಯರ ಕೆಲವು ನಿಮಿಷಗಳನ್ನು. ವಿಭಾಗವನ್ನು ನಿಜವಾಗಿ ಕಟ್ಟಿಹಾಕುವವರು ಬಾಗಿಲಿನಿಂದ ಒಳಗೆ ಬರುವವರಲ್ಲ. ಚಿಕಿತ್ಸೆ ಆರಂಭವಾಗಿ, ದಾಖಲಿಸಬೇಕೆಂದು ತೀರ್ಮಾನವಾಗಿ, ಮೇಲಿನ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲದ ಕಾರಣ ಗಂಟೆಗಟ್ಟಲೆ ಸ್ಟ್ರೆಚರ್ ಮೇಲೆಯೇ ಉಳಿದುಬಿಡುವವರಿಂದಲೇ ಅಲ್ಲಿ ಜಾಗ ಕಟ್ಟುತ್ತದೆ. ವಾರ್ಡಿನಿಂದ ಡಿಸ್ಚಾರ್ಜ್ ಆಗಬೇಕಾದವರ ಕಾಗದಪತ್ರ ಸಂಜೆಯವರೆಗೆ ಎಳೆದರೆ ಅದರ ಬಿಸಿ ತಟ್ಟುವುದು ಕೆಳಗೆ ಕುಳಿತವರಿಗೆ. ಇದೂ ಪರದೆಯ ಮೇಲೆ ಬರುವುದಿಲ್ಲ, ಏಕೆಂದರೆ ಆಗ ಬೈಗುಳ ನರ್ಸ್ ಬಿಟ್ಟು ಮೇಲಿನ ಮಹಡಿಗೆ ಹೋಗಬೇಕಾಗುತ್ತದೆ!

ಇಷ್ಟೆಲ್ಲ ತಿಳಿದಿರುವ ನಾನೇನೂ ಸಾಧುವಲ್ಲ. ಅತ್ತೆಯವರ ಕೈ ಹಿಡಿದು ಕುಳಿತಾಗ, ಒಳಗೆ ಹೋದ ಒಂದೊಂದು ಸ್ಟ್ರೆಚರನ್ನೂ ಇದ್ದಷ್ಟು ದ್ವೇಷದಿಂದ ನೋಡಿದೆ, ಅದರ ಮೇಲೆ ಮಲಗಿದ್ದವರಿಗೆ ನಮಗಿಂತ ಕಡಿಮೆ ಕಾಯಿಲೆ ಇರಲಿ ಎಂದಲ್ಲ, ಅವರು ಇವತ್ತು ಬರಲೇಬಾರದಿತ್ತು ಎಂದು. ಆ ಕೋಣೆಯೊಳಗೆ ವಿವೇಕವೆಂಬುದು ಉಳಿಯುವುದು ಅಷ್ಟು ಮಾತ್ರ. ಆದ್ದರಿಂದಲೇ ಅಲ್ಲಿ ಬರೆದು ಹಾಕುವ ಮಾತು ಬ್ಯಾಂಕಿನ ಟೋಕನ್ ಸಂಖ್ಯೆಯಂತೆ ಇರಬಾರದು ಎನ್ನುವುದು.

ಎಲ್ಲರಿಗೂ ವಿವರಿಸುತ್ತ ಕುಳಿತರೆ ಚಿಕಿತ್ಸೆ ಕೊಡುವವರು ಯಾರು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಹೆಚ್ಚು ತಾಳ್ಮೆಯಿಲ್ಲ. ಇವತ್ತು ಬೈಸಿಕೊಳ್ಳುವುದರಲ್ಲಿ ಆ ನರ್ಸ್ ಕಳೆದ ಸಮಯದಲ್ಲಿ ಕೋಣೆಯಲ್ಲಿದ್ದ ಎಲ್ಲರಿಗೂ ವಿವರಿಸಬಹುದಿತ್ತು.

ಒಂದೇ ಅಂಕಿಯ ನಿಜವಾದ ಅಪಾಯವಿರುವುದು ಕೂಗಾಡುವವರಿಗಲ್ಲ. ಕಾಯುತ್ತಿರುವಾಗ ನೋವು ಹೆಚ್ಚಾದರೆ, ಉಸಿರಾಟ ಕಷ್ಟವಾದರೆ, ಮಂಪರು ಕವಿದರೆ ಕೂಡಲೇ ನರ್ಸ್‌ಗೆ ತಿಳಿಸಬೇಕು, ಅವರು ಮತ್ತೆ ಪರೀಕ್ಷಿಸಿ ವರ್ಗವನ್ನೇ ಬದಲಿಸಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಯಾರಿಗೂ ತೊಂದರೆ ಕೊಡಬಾರದೆಂದು ಬದುಕಿದ ಹಿರಿಯರು ಪರದೆಯನ್ನು ನೋಡಿ, ಎರಡು ಗಂಟೆ ಇನ್ನೂ ಆಗಿಲ್ಲವಲ್ಲ ಎಂದು ಹಲ್ಲು ಕಚ್ಚಿ ಕುಳಿತಿರುತ್ತಾರೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಓದುವವರಲ್ಲಿ ಸಾಕಷ್ಟು ಮಂದಿ ಇದ್ದೀರಿ. ಪ್ರತಿ ವರ್ಗದಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ, ವಾರ್ಡಿನ ಹಾಸಿಗೆಗಾಗಿ ಎಷ್ಟು ಜನ ಕಾಯುತ್ತಿದ್ದಾರೆ, ತೊಂದರೆ ಹೆಚ್ಚಾದರೆ ಯಾರಿಗೆ ಹೇಳಬೇಕು ಎಂಬ ಮೂರು ಸಾಲುಗಳನ್ನು ಅಲ್ಲಿ ಹಾಕಲು ಏನು ಅಡ್ಡಿ ಎಂದು ದಯವಿಟ್ಟು ತಿಳಿಸಿ. ಸಾಫ್ಟ್‌ವೇರ್ ತೊಂದರೆ ಎಂದು ಮಾತ್ರ ಹೇಳಬೇಡಿ.